ಶಾಂತಕುಮಾರ ಮಾಸ್ತರರ ಗಾಜಿನ ಗೂಡು

ಇಜೇರಿ ದಾಟಿದರೆ ಸಿಗುವ ನಮ್ಮ ಹಳ್ಳಿಯ ಶಾಲೆಗೆ ಶಾಂತಕುಮಾರ ಮಾಸ್ತರರು ಜೇನು ತಂದ ದಿನ ನಾನು ಬಾಯಿಗೆ ಬಂದಂತೆ ಬೈದಿದ್ದೆ. ಎಂಟನೇ ತರಗತಿಯ ಕಿಟಕಿಯಲ್ಲಿ ಎರಡು ಗಾಜಿನ ನಡುವೆ ಗೂಡು, ಹುಳಗಳು ಹೊರಗೆ ಹೋಗಿಬರಲು ಒಂದು ಪೈಪು. ಪಕ್ಕದ ಕೋಣೆಯಲ್ಲಿ ಕನ್ನಡ ಕಲಿಸುವವಳು ನಾನು.

"ಇದ್ದ ಹುಡುಗರನ್ನ ಸಂಭಾಳ್ಸೋದೇ ಆಗವಲ್ದು, ಇವಕ್ಕೂ ಹಾಜರಿ ಹಾಕ್ತೀರೇನ್ರಿ?" ಎಂದೆ. ಅವರು ನಕ್ಕರು.

ತೊಗರಿ ಹೂಬಿಟ್ಟಾಗ ಮಕ್ಕಳ ಬಾಯಲ್ಲಿ ಮನೆಮನೆಗೆ ಒಂದು ಮಾತು ಹೇಳಿಕಳಿಸಿದರು: ಹಗಲು ಎಣ್ಣೆ ಹೊಡೆಯಬೇಡಿ, ಹೊತ್ತು ಮುಳುಗಿ ಜೇನು ಗೂಡು ಸೇರಿದ ಮೇಲೆ ಹೊಡೆಯಿರಿ. ಕೀಡೆಯ ಔಷಧಕ್ಕೆ ನಮ್ಮಲ್ಲಿ ಎಣ್ಣೆ ಎನ್ನುತ್ತಾರೆ. ಊರಲ್ಲಿ ಯಾರು ಕೇಳುತ್ತಾರೆ? ಕೇಳಿದವನು ದೇವೀಂದ್ರಪ್ಪ ಒಬ್ಬನೇ. ಅದೂ ಎಂಟನೇ ತರಗತಿಯಲ್ಲಿದ್ದ ಮಗಳು ಮಧುಮತಿ ಎರಡು ದಿನ ಊಟ ಬಿಟ್ಟು ಹಟ ಹಿಡಿದಿದ್ದಕ್ಕೆ.

ಒಂದು ಸಂಜೆ ಅವನು ಬೆನ್ನಿಗೆ ಪಂಪು ಕಟ್ಟಿಕೊಂಡು, ಹೊತ್ತು ಮುಳುಗುವುದನ್ನೇ ಕಾದು, ಎದೆಮಟ್ಟದ ತೊಗರಿಯೊಳಗೆ ಇಳಿದ. ಕಾಲಬುಡದ ಹಾವು ಕತ್ತಲಲ್ಲಿ ಕಾಣಲಿಲ್ಲ. ಜೇವರ್ಗಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಅಯ್ಯೋ ಶಿವನೇ, ಆಮೇಲೆ ಮಾಸ್ತರರ ಮುಖ ನೋಡಲಾಗುತ್ತಿರಲಿಲ್ಲ. ಶಾಲೆ ಬಿಟ್ಟರೂ ಮನೆಗೆ ಹೋಗದೆ ಗಾಜಿನ ಮುಂದೆ ನಿಲ್ಲುವರು.

"ಇವೆಲ್ಲಾ ಮನಿಗೆ ಬಂದ್ವು ನೋಡ್ರಿ ಟೀಚರ್," ಎನ್ನುವರು. ಗೂಡಿನ ಗುಂಯ್‌ಗುಡುವಿಕೆಯಲ್ಲಿ ಅವರಿಗೆ ದೇವೀಂದ್ರಪ್ಪನ ಪಂಪಿನ ಸದ್ದು ಕೇಳುತ್ತಿತ್ತಂತೆ. ಮೊದಲ ಬೆಂಚಿನ ಮಧುಮತಿಯತ್ತ ತಿರುಗಿ ಪಾಠ ಮಾಡಲಾರರು.

"ನಾನ ಕೊಂದೆನ್ರಿ ದೇವೀಂದ್ರಪ್ಪನ್ನ."

"ಹುಚ್ಚರಂಗ ಮಾತಾಡಬ್ಯಾಡ್ರಿ!" ಎಂದು ಗದರಿದೆ. ಸುಳ್ಳೇಕೆ ಹೇಳಲಿ, ನನಗೂ ಹಾಗೇ ಅನಿಸಿತ್ತು.

ಕೊನೆಗೆ ಗೂಡನ್ನು ಮಾದನಹಿಪ್ಪರಗಾದ ಗೆಳೆಯನಿಗೆ ಕೊಟ್ಟು, ತಾವೂ ವರ್ಗ ಮಾಡಿಸಿಕೊಂಡು ಹೋಗುವುದೆಂದು ನಿರ್ಧರಿಸಿದರು. ಗೂಡಿಗೆ ಚಾದರ ಸುತ್ತಿದ ದಿನ ದೇವೀಂದ್ರಪ್ಪನ ಹೆಂಡತಿ ಸಾಬವ್ವ ಬಂದಳು. ಮಗಳೇ ಹೇಳಿರಬೇಕು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂಬಂತೆ ಮಾಸ್ತರರು ತಲೆ ತಗ್ಗಿಸಿ ನಿಂತರು.

ಸಾಬವ್ವ ಚಾದರ ಎಳೆದು ಕೆಳಗೆ ಹಾಕಿದಳು. ಬಹಳ ಹೊತ್ತು ಹುಳಗಳನ್ನೇ ನೋಡಿದಳು.

"ಇವು ಉಳೀಲಿ ಅಂತ ಹೋದ್ರು ನಮ್ಮ ಮನಿಯವರು. ಇವನ್ನೂ ಒಯ್ದ್ರ, ಅವರು ಯಾತಕ್ಕ ಸತ್ರು ಅಂತ ಹೇಳ್ಕೊಳ್ಳಲಿ ನಾ?"

ಮಾಸ್ತರರು ಬಗ್ಗಿ ಕೆಳಗೆ ಬಿದ್ದ ಚಾದರ ಎತ್ತಿಕೊಂಡರು.

"ಇವು ಇರೋತನಕ ನೀವೂ ಇರಬೇಕ್ರಿ ಸರ್. ಎಲ್ಲಿಗೂ ಹೋಗಂಗಿಲ್ಲ."

ಬೇಡಿಕೊಂಡಳೋ, ಶಿಕ್ಷೆ ಕೊಟ್ಟಳೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಮಾಸ್ತರರು ವರ್ಗದ ಅರ್ಜಿ ಹರಿದರು. ಅದಾಗಿ ನಾಲ್ಕು ವರ್ಷ. ಮಧುಮತಿ ಕಾಲೇಜಿಗೆ ಹೋದಳು. ಅಮಾವಾಸ್ಯೆಗೊಮ್ಮೆ ಸಾಬವ್ವ ಬಂದು ಗಾಜಿನ ಮುಂದೆ ಕೂರುತ್ತಾಳೆ. ಅವಳು ಎದ್ದು ಹೋಗುವತನಕ ಮಾಸ್ತರರು ಕೂರುವುದಿಲ್ಲ.