ಜಯಕುಮಾರಣ್ಣನ ಕಾರಿನ ಹಿಂದಿನ ಸೀಟು

ನನ್ನ ಅಕ್ಷರ ಅಂದವಾಗಿಲ್ಲ, ಓದನ್ನೂ ಅರ್ಧಕ್ಕೆ ಬಿಟ್ಟವಳು. ಮಾತು ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ದೊಡ್ಡಬಳ್ಳಾಪುರದ ಹತ್ತಿರ ಗುಲಾಬಿ ಬೆಳೆಯುವ ನಮ್ಮ ಪಕ್ಕದ ಮನೆಯ ಜಯಕುಮಾರಣ್ಣನಿಗೆ ಎರಡೇ ಸೀಟಿನ ಸ್ಪೋರ್ಟ್ಸ್ ಕಾರಿನ ಆಸೆ ಚಿಕ್ಕಂದಿನಿಂದ ಇತ್ತು. ಹೂವು ಕೈಹಿಡಿದ ಮೇಲೆ ಈ ವರ್ಷ ಆ ಆಸೆ ಕೈಗೆಟುಕಿತು. ಹೆಂಡತಿ, ತಾಯಿಯ ಜೊತೆ ಅವನು ಹೋದ ಶೋರೂಮಿನಲ್ಲಿ ಅಂಥದೊಂದು ಕೆಂಪು ಕಾರಿನ ಪಕ್ಕದಲ್ಲೇ, ಅಷ್ಟೇ ಜೋರಾಗಿ ಓಡುವ, ಹಿಂದೆಯೂ ಸೀಟಿರುವ ಸೆಡಾನ್ ಒಂದು ನಿಂತಿತ್ತು. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಹೊಸ ಗಾಡಿ ಬಂದರೆ ಮನೆಯವರೆಲ್ಲ ಅದರಲ್ಲೇ ಕೂತು ಮೊದಲು ಶಿವಗಂಗೆಗೆ ಹೋಗುವುದು ಅವರ ಮನೆಯ ಪದ್ಧತಿ. ಅದು ನೆನಪಾಗಿ ಹೆಂಡತಿ ಶಿಲ್ಪ ಕೇಳಿದಳು, "ಅತ್ತೆ ಎಲ್ಲಿ ಕೂರ್ತಾರ್ರೀ?"

"ನಾನು ಬಸ್ಸಲ್ಲಿ ಬರ್ತೀನಿ ಬಿಡಮ್ಮ. ಇದರೊಳಗೆ ಕೂತ್ರೆ ನನ್ನ ಎತ್ತೋಕೆ ಜೆಸಿಬಿನೇ ಬೇಕು" ಎಂದು ತಾಯಿ ಪಾಪಮ್ಮ ನಕ್ಕರು. ಆಮೇಲೆ ಸೆಡಾನಿನ ಹಿಂದಿನ ಸೀಟಿನಲ್ಲಿ ಕೂತು ಅದನ್ನು ಮೆಲ್ಲಗೆ ಸವರಿದರು.

"ನಿಮ್ಮಪ್ಪನ್ನ ಆಸ್ಪತ್ರೆಗೆ ಕರ್ಕೊಂಡೋದಾಗ ಹಿಂಗೇ ಕೂತಿದ್ದೆ ಕಣಪ್ಪ. ನನ್ನ ತೊಡೆ ಮೇಲೆ ತಲೆ ಇಟ್ಕೊಂಡಂಗೇ ಹೋಗ್ಬಿಟ್ರು."

ಅಂದು ಆ ಬಾಡಿಗೆ ಕಾರು ಓಡಿಸಿದ್ದವನು ಜಯಕುಮಾರಣ್ಣನೇ. ಆಗ ಹಿಂದೆ ತಿರುಗಿ ನೋಡುವ ಧೈರ್ಯ ಬಂದಿರಲಿಲ್ಲ. ಈಗ ನೋಡಿದ. ತಾಯಿಯ ಪಕ್ಕದ ಜಾಗ ಖಾಲಿಯಿತ್ತು. ಅವನು ಕೆಂಪು ಕಾರನ್ನು ಒಮ್ಮೆ ಮುಟ್ಟಿ, ಹೋಗಿ ಸೆಡಾನನ್ನೇ ಬುಕ್ ಮಾಡಿದ.

ನಾಳೆ ಕಾರು ಮನೆಗೆ ಬರುತ್ತದೆ. ಅದಕ್ಕೆ ಹಾಕುವ ಗುಲಾಬಿ ಹಾರ ಕಟ್ಟಲು ನಾನೀಗ ಕೂರುತ್ತೇನೆ.