ಸ್ಟಾರ್ಟರಿನ ಮುಂದೆ ಕುಳಿತ ರಾಜಬಿ

ಝಳಕಿಯ ಹೆದ್ದಾರಿ ಬದಿಯಲ್ಲಿ ಚಹಾದಂಗಡಿಯ ಒಲೆ ಇನ್ನೂ ಹೊತ್ತಿಲ್ಲ. ಪಕ್ಕದ ತಗಡಿನ ಶೆಡ್ಡಿನಲ್ಲಿ ರಾಜಬಿ ಆಗಲೇ ಕೆಲಸಕ್ಕೆ ಕುಳಿತಿದ್ದಾರೆ. ಅವರ ಕೆಲಸ ನೋಡಿ ಬರೆಯಲು ಬಂದ ನಾನು ಎದುರಿಗೆ ಕುಳಿತಿದ್ದೇನೆ. ಮುಂದೆ ಬಾವಿಯಿಂದ ನೀರೆತ್ತುವ ಮೋಟಾರೊಂದು ಬಾಯಿ ಬಿಚ್ಚಿಕೊಂಡು ಬಿದ್ದಿದೆ. ಕರಕಲಾದ ತಾಮ್ರದ ತಂತಿಯನ್ನು ಇಕ್ಕಳದಿಂದ ಕಿತ್ತು ಎಸೆಯುತ್ತಿದ್ದಾರೆ. ಎಸೆಯುವ ರಭಸ ನೋಡಿದರೆ ಸಿಟ್ಟು ತಂತಿಯ ಮೇಲಲ್ಲ ಅನ್ನುವುದು ಗೊತ್ತಾಗುತ್ತದೆ.

"ರೇವಪ್ಪ ಕಾಕಾಂದ್ರಿ ಇದು. ಎರಡನೇ ಸಲ ಸುಟ್ಕೊಂಡು ಬಂದೈತಿ. ಮೋಟಾರಿಗೇನೂ ಆಗಿಲ್ಲ, ಕಾಕಾನ ತೆಲಿಗೆ ಆಗೇತಿ."

ಸುಟ್ಟ ತಂತಿ ತೆಗೆದು ಹೊಸದನ್ನು ಸುತ್ತುವ ಈ ವೈಂಡಿಂಗ್ ಕೆಲಸವನ್ನು ರಾಜಬಿಗೆ ಕಲಿಸಿದವರು ಗಂಡ ಶಹಾಬುದ್ದೀನ. ಅವರ ಕಣ್ಣು ಮಂಜಾಗಿ ವರ್ಷಗಳಾದವು. ಅಂದಿನಿಂದ ಒಳಗೆ ತಂತಿ ಸುತ್ತುವವರು ರಾಜಬಿ, ಹೊರಗೆ ಗಿರಾಕಿಗಳ ಜೊತೆ ಮಾತಾಡುವವರು ಶಹಾಬುದ್ದೀನ. ಬೇಸಿಗೆಯಲ್ಲಿ ದಿನಕ್ಕೆ ಎರಡು ಮೋಟಾರು ಇದ್ದೇ ಇರುತ್ತವೆ. ಸುತ್ತಿನ ಲಿಂಬೆ ತೋಟದವರೆಲ್ಲ "ಶಹಾಬುದ್ದೀನನ ಕೈಗುಣ" ಎಂದು ಹೊಗಳುತ್ತಿದ್ದರು. ಕಳೆದ ವರ್ಷ ಯಾರೋ ಒಳಗೆ ಇಣುಕಿ ನೋಡಿದರು. ಸುದ್ದಿ ಹಬ್ಬಿತು. ತಕರಾರು ಶುರುವಾಯಿತು.

"ಅದೇ ಕೈ, ಅದೇ ತಂತಿ, ಅದೇ ವಾರ್ನಿಷ್," ರಾಜಬಿ ಇಕ್ಕಳ ಕುಕ್ಕುತ್ತಾರೆ. "ಹೆಣಮಗಳು ಸುತ್ತ್ಯಾಳ ಅಂತ ಗೊತ್ತಾದ ಮ್ಯಾಲ ಸುಡಾಕ ಹತ್ಯಾವು! ಮೋಟಾರಿಗೆ ಹೋಗಿ ಯಾರ್ ಹೇಳಿದ್ರೋ ಏನೋ."

ರೇವಪ್ಪ ಹಿರಿಯ ಲಿಂಬೆ ಬೆಳೆಗಾರ. ಅವರ ಮಾತು ಸುತ್ತಿನವರಿಗೆ ಪ್ರಮಾಣ. ಇನ್ನೊಮ್ಮೆ ಸುಟ್ಟರೆ ಮೋಟಾರನ್ನು ಇಂಡಿ ಪಟ್ಟಣದ ಅಂಗಡಿಗೆ ಒಯ್ಯುವುದಾಗಿಯೂ, ಎಲ್ಲರಿಗೂ ಹಾಗೇ ಹೇಳುವುದಾಗಿಯೂ ಅಂದುಹೋಗಿದ್ದಾರೆ. ಹಾಗಾದರೆ ಈ ಶೆಡ್ಡಿಗೆ ಬಾಗಿಲು ಹಾಕುವುದೊಂದೇ ದಾರಿ.

ಸುಡುತ್ತಿದ್ದುದು ಯಾಕೆ ಎಂಬುದು ಅಂದು ಜೊತೆಗೆ ಬಂದಿದ್ದ ರೇವಪ್ಪನವರ ಹೆಂಡತಿ ಸಿದ್ದಲಿಂಗವ್ವನ ಬಾಯಿಂದ ಹೊರಬಿತ್ತು. "ಸುಟ್ಟೀತು ಸುಟ್ಟೀತು ಅಂತ ಸ್ಟಾರ್ಟರ್ ಮುಂದ ಕುಂತ ಬಿಡ್ತಾರವ್ವಾ. ಚಾಲೂ ಮಾಡೂದು, ಮೋಟಾರು ಮುಟ್ಟಿ ನೋಡೂದು, ಬಂದ್ ಮಾಡೂದು. ಮತ್ತ ಚಾಲೂ. ಊಟಕ್ಕ ಕರದ್ರೂ ಏಳಂಗಿಲ್ಲ."

ಸುಡಬಾರದೆಂದು ಕಾಯುತ್ತಾ ಕಾಯುತ್ತಾ ರೇವಪ್ಪನವರೇ ಅದನ್ನು ಸುಡುತ್ತಿದ್ದರು. ಪ್ರತಿ ಸಲ ಚಾಲೂ ಆಗುವಾಗ ಮೋಟಾರು ಜಾಸ್ತಿ ಕರೆಂಟು ಎಳೆದು ಕಾಯುತ್ತದೆ. ಪರೀಕ್ಷೆಗೆ ಹೊರಟ ಮಗುವನ್ನು ಬಾಗಿಲಲ್ಲಿ ನಿಲ್ಲಿಸಿ "ಮರೆತಿಲ್ಲ ತಾನೇ, ಮರೆತಿಲ್ಲ ತಾನೇ" ಎಂದು ಮರೆಸುವ ನಾವೂ ಮಾಡುವುದು ಇದನ್ನೇ.

ಹೊಸ ತಂತಿಗೆ ಬಳಿದ ವಾರ್ನಿಷ್ ಒಣಗಿದ ಮರುದಿನ ರಾಜಬಿ ಟಂಟಂ ಆಟೊದಲ್ಲಿ ಮೋಟಾರು ಹೇರಿಕೊಂಡು ರೇವಪ್ಪನವರ ತೋಟಕ್ಕೆ ಹೊರಡುತ್ತಾರೆ. ನಾನೂ ಹತ್ತುತ್ತೇನೆ. ಮೋಟಾರು ಕೂರಿಸಿ, ದಿನಕ್ಕೆ ಕೆಲವೇ ಗಂಟೆ ಇರುವ ಮೂರು ಫೇಜಿನ ಕರೆಂಟು ಬಂದೊಡನೆ ಗುಂಡಿ ಒತ್ತಿ, ಬುಟ್ಟಿ ಬೋರಲು ಹಾಕಿ ಅದರ ಮೇಲೆ ಸ್ಟಾರ್ಟರಿಗೆ ಅಡ್ಡ ಕುಳಿತುಬಿಡುತ್ತಾರೆ.

ಸ್ವಲ್ಪ ಹೊತ್ತಿಗೇ ರೇವಪ್ಪ ಚಡಪಡಿಸುತ್ತಾರೆ. "ಯವ್ವಾ, ಒಂದೀಟು ಸರಿ. ಮುಟ್ಟಿ ನೋಡ್ತೇನಿ."

"ಏನ್ ಜ್ವರ ಬಂದೈತೇನ್ರಿ ಅದಕ್ಕ? ಸುಮ್ಕ ಕೂಡ್ರಿ."

"ಸಪ್ಪಳ ಬ್ಯಾರೆ ಆಗೇತಿ ನೋಡು."

"ಮೋಟಾರಿಂದಲ್ರಿ, ನಿಮ್ಮ ಎದಿದು. ತುಂಬಿದ ಬಂಡಿ ಹೊಂಡೂವಾಗ ಎತ್ತಿಗೆ ಎಷ್ಟ್ ಜಗ್ಗತೈತಿ? ಹೊಂಟ ಮ್ಯಾಲ ಹಗರ. ಹೆಜ್ಜಿಗೊಮ್ಮೆ ನಿಲ್ಲಿಸಿ ನಿಲ್ಲಿಸಿ ಹೊಡದ್ರ ಎತ್ತು ಬೀಳೂದಿಲ್ಲೇನ್ರಿ ಕಾಕಾ?"

ಎತ್ತಿನ ಮಾತು ಬಂದೊಡನೆ ರೇವಪ್ಪ ಕುಳಿತುಕೊಳ್ಳುತ್ತಾರೆ. ಆದರೂ ಕೈ ಸುಮ್ಮನಿರದು. ಸಿದ್ದಲಿಂಗವ್ವ ಉದುರಿದ ಲಿಂಬೆಕಾಯಿಯ ರಾಶಿ ತಂದು ಮುಂದೆ ಸುರಿಯುತ್ತಾರೆ. "ಇವನ್ನ ಆರಸ್ರಿ. ಕೈಗೆ ಕೆಲಸಾತು."

ಮೋಟಾರು ಓಡುತ್ತಲೇ ಇರುತ್ತದೆ. ನೀರು ತೋಟದ ಕೊನೆಯ ಗಿಡದ ಬುಡ ಮುಟ್ಟುತ್ತದೆ. ಹೊತ್ತೇರಿ ಕರೆಂಟು ಹೋದಾಗ ಮೋಟಾರು ತಾನಾಗಿ ನಿಲ್ಲುತ್ತದೆ. ರೇವಪ್ಪ ಎದ್ದು ಮುಟ್ಟಿ ನೋಡುತ್ತಾರೆ. ಬೆಚ್ಚಗಿದೆ, ಅಷ್ಟೇ.

"ಓಡ್ತಲ್ಲ!" ಮುಖ ಅರಳುತ್ತದೆ. "ನೀ ಇಲ್ಲೇ ಕುಂತಿದ್ದಿ ಅಂತ ಓಡ್ತು ನೋಡವ್ವಾ. ನಾಳೆನೂ ಬಾ."

ರಾಜಬಿ ಹಣೆ ಹಣೆ ಬಡಿದುಕೊಳ್ಳುತ್ತಾರೆ. "ಯಾ ಅಲ್ಲಾ! ಅದು ಓಡಿದ್ದು ನನಗ ಅಂಜಿ ಅಲ್ರಿ, ನೀವು ಕೈ ಹಚ್ಚಲಿಲ್ಲ ಅಂತ. ನಾಳೆ ಗುಂಡಿ ಒತ್ತಿ ತೋಟದ ಆ ತುದಿಗೆ ಹೋಗಿಬಿಡ್ರಿ."

ಮರುದಿನ ಮುಂಜಾನೆ ಶೆಡ್ಡಿನಲ್ಲಿ ಫೋನು ಬಡಿದುಕೊಳ್ಳುತ್ತದೆ. ರೇವಪ್ಪನವರೇ. "ಆ ತುದೀಗೆ ಬಂದು ನಿಂತೇನಿ. ಓಡಾಕತ್ತೈತಿ. ಒಮ್ಮೆ ಹೋಗಿ ನೋಡಿ ಬರ್ಲೇನು?"

"ಬ್ಯಾಡ್ರಿ!" ರಾಜಬಿ ಕೂಗಿದ ರಭಸಕ್ಕೆ ಹೊರಗೆ ಕುಳಿತ ಶಹಾಬುದ್ದೀನ ಬೆಚ್ಚಿಬೀಳುತ್ತಾರೆ. ಫೋನಿನಲ್ಲಿ ಹಿಂದಿನಿಂದ ನೀರು ಬೀಳುವ ಸಪ್ಪಳ ನನಗೂ ಕೇಳಿಸುತ್ತದೆ.

ಬಾಗಿಲಿಗೆ ನಿಮ್ಮ ಹೆಸರಿನ ಬೋರ್ಡು ಹಾಕಿಸುವ ಆಸೆ ಇಲ್ಲವೇ ಎಂದು ಕೇಳುತ್ತೇನೆ. ರಾಜಬಿ ಹೊಸ ತಂತಿಯ ತುದಿಯನ್ನು ಹಲ್ಲಿನಿಂದ ಕೆರೆದು, ಬೆಳಕಿಗೆ ಹಿಡಿದು ನೋಡುತ್ತಾರೆ.

"ಯಾಕ್ರಿ ಬೋರ್ಡು? ಮುಂಜಾನೆ ಎದ್ದು ಗುಂಡಿ ಒತ್ತಿ ಮಂದಿ ತಮ್ಮ ಕೆಲಸಕ್ಕ ಹೋಗಬೇಕು. ಒಳಗ ತಂತಿ ಯಾರು ಸುತ್ತ್ಯಾರ ಅನ್ನೂದು ನೆನಪ ಆಗಬಾರ್ದು. ಅಷ್ಟಾದ್ರ ಸಾಕು."