ಮೂರು ಸಂಸತ್ತು, ಒಂದು ಶಿಫಾರಸು

ಇವತ್ತು ಬೆಳಿಗ್ಗೆ ಗ್ರೋಸರಿಯಲ್ಲಿ ಸಬ್ಬಸಿಗೆ ಸೊಪ್ಪಿನ ಕಟ್ಟೊಂದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದೆ, ಅಷ್ಟೆ. ಪಕ್ಕದಲ್ಲಿದ್ದ ಹೆಂಗಸು ಕಾರ್ಟು ತಳ್ಳಿಕೊಂಡು ದೂರ ಸರಿದಳು. ಅವಳಿಗೇನು ಗೊತ್ತು, ನಾನಾಗ ಲಾಟ್ವಿಯಾದ ರಾಜಧಾನಿ ರೀಗಾದಲ್ಲಿದ್ದೆ. ಅಲ್ಲಿನವರು ಆಲೂಗಡ್ಡೆಯ ಮೇಲೆ, ಮೀನಿನ ಮೇಲೆ, ಸೂಪಿನ ಮೇಲೆ ಸಬ್ಬಸಿಗೆ ಉದುರಿಸುತ್ತಾರೆ. ಒಮ್ಮೆ ಕಾಫಿಯ ಮೇಲೂ ಉದುರಿಸಿದ್ದರೆಂದು ನನ್ನ ನೆನಪು. ನೀವು ನಂಬಬೇಕಾಗಿಲ್ಲ, ನಾನೂ ನಂಬುವುದಿಲ್ಲ.

ಅಲ್ಲಿಗೆ ಹೋದದ್ದು ಪಿಎಚ್.ಡಿ.ಯ ನೆಪದಲ್ಲಿ. ಬಾಲ್ಟಿಕ್ ಸಮುದ್ರದ ದಡದಲ್ಲಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಎಂಬ ಮೂರು ಪುಟ್ಟ ದೇಶಗಳಿವೆ. ಮೂರರ ಸಂಸತ್ ಸದಸ್ಯರೂ ಆಗಾಗ ಒಂದೆಡೆ ಕೂತು ರಸ್ತೆ, ರೈಲು, ಕರೆಂಟು ಎಂದು ಮಾತಾಡಿಕೊಳ್ಳುತ್ತಾರೆ. ಅಧ್ಯಕ್ಷತೆ ವರ್ಷಕ್ಕೊಂದು ದೇಶದ ಪಾಳಿ. ಈ ಒಗ್ಗಟ್ಟನ್ನು ಅನುಮಾನಿಸುತ್ತ ನಾನು ಮುನ್ನೂರು ಪುಟ ಬರೆದೆ. ಬೇ ಏರಿಯಾಕ್ಕೆ ಬಂದಮೇಲೆ ಆ ವಿದ್ಯೆಯನ್ನು ಯಾರೂ ಕೇಳಲಿಲ್ಲ. ಅಪ್ಪಿತಪ್ಪಿ ಕೇಳಿದವರು ಉತ್ತರ ಮುಗಿಯುವುದರೊಳಗೆ ವಡೆಯ ತಟ್ಟೆಯ ಕಡೆ ತಿರುಗುತ್ತಿದ್ದರು.

ಪೂರ್ತಿ ಕೇಳಿಸಿಕೊಂಡವರು ಶಾರದಕ್ಕ ಒಬ್ಬರೇ. ಉಡುಪಿಯವರು, ಇಲ್ಲೇ ಸರಟೋಗಾ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಭಾನುವಾರ ಒಂದು ಸಭಾಂಗಣದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಒಂದು ವರ್ಷ ಮಕ್ಕಳ ಸಂಖ್ಯೆ ಐದಕ್ಕಿಳಿಯಿತು. ಇಷ್ಟು ಕಡಿಮೆ ಜನಕ್ಕೆ ಕೋಣೆ ಕೊಡಲಾಗದೆಂದು ಸಭಾಂಗಣದವರು ಹೇಳಿಬಿಟ್ಟರು. ಬೇ ಏರಿಯಾದಲ್ಲೇ ಇರುವ ಡಬ್ಲಿನ್ನಿನಲ್ಲಿ ಸುಮಾ ನಡೆಸುತ್ತಿದ್ದ ಕ್ಲಾಸು, ಎವರ್‌ಗ್ರೀನಿನಲ್ಲಿ ನಾಗರಾಜ್ ನಡೆಸುತ್ತಿದ್ದ ಕ್ಲಾಸು, ಎರಡರದ್ದೂ ಇದೇ ಗತಿ. ಮೂರೂ ಕೂಡಿ ಒಂದಾದರೆ ಉಳಿದೀತು, ಇಲ್ಲವಾದರೆ ಮೂರೂ ಮುಚ್ಚುವುದೇ.

"ಮನೆಯಲ್ಲಿ ನಾನು ಬರೀ ಅಜ್ಜಿ ಮಾರಾಯ್ರೆ," ಎಂದಿದ್ದರು ಶಾರದಕ್ಕ. "ವಾರಕ್ಕೆ ಎರಡು ಗಂಟೆ ಮಾತ್ರ ಟೀಚರ್. ಅದೂ ಹೋದ್ರೆ ಮತ್ತೆ ಎಂತ ಉಳೀತದೆ?"

ಹಾಗೆ ಮೂವರೂ ಸೇರಿದ್ದು ನಾಗರಾಜರ ಹಿತ್ತಿಲಲ್ಲಿ. ಶಾರದಕ್ಕ ನನ್ನನ್ನೂ ಹೆಂಡತಿಯನ್ನೂ ಜೊತೆಗೆ ಎಳೆದೊಯ್ದಿದ್ದರು. ಲೈಬ್ರರಿಯ ಮೀಟಿಂಗ್ ರೂಮಿನಲ್ಲಿ ಎನ್ನುತ್ತಾಳೆ ನನ್ನ ಹೆಂಡತಿ. ಇಲ್ಲ, ನಿಂಬೆಗಿಡದ ನೆರಳು ನನಗೆ ಚೆನ್ನಾಗಿ ನೆನಪಿದೆ. ಆದರೆ ನನಗೆ ಚೆನ್ನಾಗಿ ನೆನಪಿರುವುದರಲ್ಲೇ ಹೆಚ್ಚು ತಪ್ಪಿರುತ್ತದೆ. ಒಟ್ಟಿನಲ್ಲಿ ಕ್ಲಾಸು ಎಲ್ಲಿ ನಡೆಯಬೇಕೆಂಬ ಜಗಳವಂತೂ ನಿಜ.

"ಸಂಡೇ ಬೆಳಿಗ್ಗೆ ಮಕ್ಕಳನ್ನ ಎಬ್ಬಿಸಿ ಎವರ್‌ಗ್ರೀನ್‌ಗೆ ಯಾರ್ ಕರ್ಕೊಂಡ್ ಬರ್ತಾರೆ? ಅಷ್ಟು ದೂರ!" ಎಂದರು ಸುಮಾ.

"ನಾವು ಮಾತ್ರ ಡಬ್ಲಿನ್‌ಗೆ ಬರ್ಬೇಕಾ? ಯಾಕೆ ಮೇಡಂ, ನಿಮ್ ಫ್ರೀವೇ ಒನ್‌ವೇನಾ?" ಎಂದರು ನಾಗರಾಜ್.

ಇಂಥ ಅವಕಾಶ ಜೀವನದಲ್ಲಿ ಒಮ್ಮೆ ಬರುತ್ತದೆ. ನಾನು ಗಂಟಲು ಸರಿಮಾಡಿಕೊಂಡು ಬಾಲ್ಟಿಕ್ ದೇಶಗಳಿಂದ ಶುರುಮಾಡಿದೆ. ಪಾಳಿಯ ಅಧ್ಯಕ್ಷತೆ ಹೇಳಿದೆ. ಕನ್ನಡ ಕ್ಲಾಸಿನ ಮೀಟಿಂಗಲ್ಲವೇ, ಇಂಗ್ಲಿಷ್ ಬೇಡವೆಂದು ಹುರುಪಿನಿಂದ, "ಅವರ ಜಂಟಿ ಸಭೆ ಯಾರಿಗೂ ಆಜ್ಞೆ ಮಾಡೋ ಹಾಗಿಲ್ಲ. ಬರೀ ಶಿಫಾರಸು ಮಾಡುತ್ತೆ," ಎಂದೆ.

ನಾಗರಾಜ್, "ಓಹೋ, ಯುರೋಪಲ್ಲೂ ಶಿಫಾರಸು ನಡಿಯುತ್ತಾ ಸಾರ್? ಮಿನಿಸ್ಟರ್ ಕಡೆಯಿಂದಾನಾ?" ಎಂದರು. ಸುಮಾ ನಗುತ್ತ, "ನಮ್ ಚಿಕ್ಕಪ್ಪಂಗೆ ಕೆಲಸ ಸಿಕ್ಕಿದ್ದೂ ಹಾಗೇ," ಎಂದರು.

ಶಾರದಕ್ಕ ಮಾತ್ರ ನಗಲಿಲ್ಲ. "ಅಂದ್ರೆ ಮೀಟಿಂಗಿನಲ್ಲಿ ಏನೂ ತೀರ್ಮಾನ ಮಾಡ್ಲಿಕ್ಕಿಲ್ಲ. ಮನೆಗೆ ಹೋಗಿ, ಯಾರ ಮಾತು ನಡೀತದೋ ಅವರ ಕಿವಿಗೆ ಹಾಕುವುದು. ಅಲ್ವಾ?"

"ಅಲ್ಲ ಶಾರದಕ್ಕ, ಇಲ್ಲಿ ಶಿಫಾರಸು ಅಂದರೆ ಸಾಂಸ್ಥಿಕ ಅರ್ಥದಲ್ಲಿ..."

"ಆಯ್ತು ಮಾರಾಯ್ರೆ. ಅರ್ಥ ನೀವು ಇಟ್ಕೊಳ್ಳಿ, ಶಿಫಾರಸು ನಂಗೆ ಕೊಡಿ."

ಮುಂದಿನ ಎರಡು ವಾರ ಅವರು ಯಾರ ಯಾರ ಮನೆಗೆ ಹೋದರೋ ನಾನು ಕಾಣೆ. ನಾಗರಾಜರ ಹೆಂಡತಿ ಮಂಗಳೂರಿನವರು. ಅವರೊಂದಿಗೆ ಫೋನಿನಲ್ಲಿ ಒಂದು ಗಂಟೆ ತುಳುವಿನಲ್ಲಿ ಮಾತಾಯಿತಂತೆ. ಸುಮಾ ಅವರ ಅತ್ತೆ ಮೈಸೂರಿನಿಂದ ಬಂದಿದ್ದರು. ಅವರ ಜೊತೆ ಪಾರ್ಕಿನಲ್ಲಿ ನಾಲ್ಕು ದಿನ ವಾಕಿಂಗು ನಡೆಯಿತಂತೆ.

ಎರಡನೆಯ ಮೀಟಿಂಗಿಗೆ ನಾಗರಾಜ್ ಬಂದವರೇ, "ಕ್ಲಾಸು ಡಬ್ಲಿನ್ನಲ್ಲೇ ಇರ್ಲಿ. ಇದು ನನ್ ಸ್ವಂತ ಅಭಿಪ್ರಾಯ," ಎಂದರು. ಹಿಂದೆ ನಿಂತ ಅವರ ಹೆಂಡತಿ ತಲೆಯಾಡಿಸಿದರು.

"ಛೆ ಛೆ, ಎವರ್‌ಗ್ರೀನಲ್ಲೇ ಆಗ್ಲಿ," ಎಂದರು ಸುಮಾ. "ನಮ್ಮತ್ತೆಗೆ ಆ ಕಡೆ ಗುಡ್ಡ ತುಂಬಾ ಇಷ್ಟ."

"ಇಲ್ಲ ಮೇಡಂ, ಡಬ್ಲಿನ್ನೇ!"

"ಆಗೋದೇ ಇಲ್ಲ, ಎವರ್‌ಗ್ರೀನೇ!"

ಹಿಂದಿನ ಸಲಕ್ಕಿಂತ ಜೋರು ಜಗಳ. ಶಾರದಕ್ಕ ಎರಡೂ ಕೈ ಎತ್ತಿ, "ಅಯ್ಯೋ, ನೀವು ಹೀಗೆ ಗಲಾಟೆ ಮಾಡಿದ್ರೆ ಹೇಗೆ? ಮೊದಲ ವರ್ಷ ಸರಟೋಗಾದಲ್ಲೇ ಆಗ್ಲಿ ಬಿಡಿ, ಆಮೇಲೆ ಪಾಳಿ," ಎಂದರು. ಇಬ್ಬರೂ ಸಮನಾಗಿ ಸೋತ ಸಮಾಧಾನದಲ್ಲಿ ಒಪ್ಪಿದರು. ನಾನು ಕುರ್ಚಿಯಿಂದ ಬೀಳುವಷ್ಟು ನಕ್ಕೆ. ಬಿದ್ದೇಬಿಟ್ಟಿರಿ ಎನ್ನುತ್ತಾಳೆ ಹೆಂಡತಿ.

ಮನೆಗೆ ಬಂದು ನನ್ನ ಮುನ್ನೂರು ಪುಟಗಳನ್ನು ತಿರುವಿಹಾಕಿದೆ. ಮೂರು ದೇಶದವರು ಕೂತು ಶಿಫಾರಸು ಮಾಡಿದ್ದನ್ನೆಲ್ಲ ಪಟ್ಟಿ ಮಾಡಿದ್ದೆ. ಎದ್ದು ಹೋದಮೇಲೆ ತಂತಮ್ಮ ಸಂಸತ್ತಿನಲ್ಲಿ ಯಾರ ಕಿವಿಗೆ ಏನು ಹಾಕಿದರೆಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಸಭೆ ಮುಗಿದಮೇಲೇ ನಮ್ಮ ಕೆಲಸ ಶುರು ಎಂದು ರೀಗಾದಲ್ಲಿ ಸಂಸತ್ ಸದಸ್ಯರಾಗಿದ್ದ ಒಬ್ಬ ಮುದುಕರು ನನಗೆ ಹೇಳಿದ್ದರು. ಹೇಳಿದ್ದರೇ? ಟಿಪ್ಪಣಿ ಪುಸ್ತಕದಲ್ಲಿ ಆ ಮಾತಿಲ್ಲ. ಶಾರದಕ್ಕನ ಮಾತನ್ನೇ ಆ ಮುದುಕರ ಬಾಯಿಗೆ ಹಾಕಿರಬಹುದು ನಾನು.

ಇವತ್ತು ಗ್ರೋಸರಿಯಲ್ಲಿ ಹೀಗೆ ಸಬ್ಬಸಿಗೆ ಹಿಡಿದು ಕಣ್ಣು ಮುಚ್ಚಿ ನಿಂತಿರುವಾಗಲೇ ಫೋನು ಬಂತು. ಶಾರದಕ್ಕ!

"ಕೇಳಿದ್ರಾ? ಫ್ರೀಮಾಂಟಿನ ಕ್ಲಾಸಿನವರೂ ನಮ್ಮ ಕ್ಲಾಸಿಗೆ ಸೇರ್ತಾರಂತೆ. ಅವರಲ್ಲಿ ಸಣ್ಣ ಪ್ರಾಯದ ಟೀಚರ್ ಒಬ್ಬಳು ಇದ್ದಾಳಂತೆ, ಒಳ್ಳೆ ಹುಷಾರಂತೆ." ದನಿ ತಗ್ಗಿಸಿ ಕೇಳಿದರು, "ನಾಲ್ಕನೆಯವರು ಬಂದ್ರೆ ನಿಮ್ಮ ಆ ದೇಶದವರ ಪದ್ಧತಿ ಎಂತ?"

ನಾಲ್ಕನೆಯವರ ಬಗ್ಗೆ ನಾನು ಓದಿದ್ದು ಏನೂ ನೆನಪಾಗಲಿಲ್ಲ. ಹಿಂದಾಗಿದ್ದರೆ, ಆಧಾರ ನೋಡಿ ಹೇಳುತ್ತೇನೆ ಎನ್ನುತ್ತಿದ್ದೆ.

"ಜಾಗ ಹೊಸಬರದ್ದು, ಟೀಚರ್ ಹಳಬರೇ," ಎಂದೆ. "ಹೊಸ ಟೀಚರ್ ಮೊದಲೆರಡು ವರ್ಷ ಹಳೇ ಟೀಚರ್ ಪಕ್ಕ ಕೂತು ಕಲೀಬೇಕು."

"ಹೌದಾ? ಹಾಗಂತ ಅಲ್ಲಿ ಬರೆದುಂಟಾ?"

"ಬರೆದುಂಟು ಶಾರದಕ್ಕ," ಎಂದೆ, ಎದೆ ತಟ್ಟಿಕೊಂಡು.

"ಹಾಗಾದ್ರೆ ಗಾಡಿ ತೆಗೀರಿ," ಎಂದರು ಟೀಚರ್. "ಫ್ರೀಮಾಂಟಿನವರು ಮನಸ್ಸು ಬದಲಾಯಿಸುವ ಮೊದಲು ಹೋಗಿ ಬರುವ."